ಡೆಸ್ಕ್‌ಟಾಪ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ, ಮದರ್‌ಬೋರ್ಡ್ ಬದಲಿಸಲೇಬೇಕಾ?

ರಾಜಾಜಿನಗರ_ಮಹಡಿಮನೆ

ನಮಸ್ಕಾರ. ಮನೆಯ ಕಂಪ್ಯೂಟರ್ ಯಾವಾಗೆಂದರೆ ಆವಾಗ ರೀಸ್ಟಾರ್ಟ್ ಆಗುತ್ತಿದೆ. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ, ಪಟ್ ಅಂತ ಕಪ್ಪಾಗಿ ಮತ್ತೆ ಬೂಟ್ ಆಗುತ್ತದೆ. ಮಗಳು ಆನ್‌ಲೈನ್ ಪರೀಕ್ಷೆ ಬರೆಯುವಾಗ ಆಗಿದೆ, ನಾನು ಜಿಎಸ್‌ಟಿ ಲೆಕ್ಕ ಹಾಕುವಾಗ ಆಗಿದೆ, ಯಾರೂ ಮುಟ್ಟದೆ ಸುಮ್ನೆ ಆನ್ ಇದ್ದಾಗಲೂ ಆಗಿದೆ. 10ನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ), ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ವಿಂಡೋಸ್ 11. 600 ವಿಎ ಯುಪಿಎಸ್ ಇದೆ, ಹಾಗಾಗಿ ಕರೆಂಟಿನ ತೊಂದರೆ ಇರಲಾರದು. ರಿಪೇರಿಯವರು ಐದು ನಿಮಿಷ ನೋಡಿ ಮದರ್‌ಬೋರ್ಡ್ ಹೋಗಿದೆ, ಬದಲಿಸಿ ಅಂದರು. ಅಷ್ಟು ದುಡ್ಡು ಹಾಕುವ ಮುಂಚೆ ಏನು ನೋಡಬೇಕು ಹೇಳಿ.

ಸೋಲ್ಡರ್_ಜಯನಗರ

ಸರ್, ಈಗಲೇ ಏನೂ ಕೊಳ್ಳಬೇಡಿ. ವಿಂಡೋಸ್ ಕೈಕೊಟ್ಟಿತೋ ಅಥವಾ ಕರೆಂಟೇ ತಪ್ಪಿತೋ, ಮೊದಲು ಇದು ಗೊತ್ತಾಗಬೇಕು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್ ತೆರೆಯಿರಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಂ. ಕೆಂಪು ಗುರುತಿನ 'ಕರ್ನಲ್-ಪವರ್ 41' ಸಿಕ್ಕೇ ಸಿಗುತ್ತದೆ. ಅದನ್ನು ನೋಡಿ ಎಸ್‌ಎಂಪಿಎಸ್ ಹೋಯಿತು ಅಂತ ತುಂಬಾ ಜನ ಓಡುತ್ತಾರೆ, ಆದರೆ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಡೀಟೇಲ್ಸ್ ಟ್ಯಾಬಿನಲ್ಲಿ 'ಬಗ್‌ಚೆಕ್‌ಕೋಡ್', ಅಂದರೆ ವಿಂಡೋಸ್ ಬರೆದಿಡುವ ಎರರ್ ಸಂಖ್ಯೆ ನೋಡಿ. 0 ಬಿಟ್ಟು ಬೇರೆ ಸಂಖ್ಯೆ ಇದ್ದರೆ ಡ್ರೈವರ್ ಅಥವಾ ರ‍್ಯಾಮ್ ಕಡೆ ಹುಡುಕಬೇಕು, ಆಗ ರಾತ್ರಿಯಿಡೀ ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷೆಯ ಸಾಫ್ಟ್‌ವೇರ್ ಓಡಿಸಿ. 0 ಇದ್ದರೆ ವಿಂಡೋಸ್‌ಗೆ ಬರೆದಿಡಲೂ ಸಮಯ ಸಿಗಲಿಲ್ಲ ಅಂತ, ಹೆಚ್ಚಾಗಿ ಕರೆಂಟ್ ದಾರಿಯ ತೊಂದರೆ.

ಇನ್ನೊಂದು, ಅಡ್ವಾನ್ಸ್‌ಡ್ ಸಿಸ್ಟಂ ಸೆಟ್ಟಿಂಗ್ಸ್‌ನ 'ಸ್ಟಾರ್ಟಪ್ ಅಂಡ್ ರಿಕವರಿ'ಯಲ್ಲಿ ಆಟೋಮ್ಯಾಟಿಕ್ ರೀಸ್ಟಾರ್ಟ್ ಟಿಕ್ ತೆಗೆಯಿರಿ. ನೀಲಿ ಸ್ಕ್ರೀನ್ ಬರುತ್ತಿದ್ದರೆ ಆಗ ನಿಂತು ಕಾಣಿಸುತ್ತದೆ.

ಧೂಳು_ಒರೆಸಿ

ಬಿಸಿ ಆಗುತ್ತಿದೆಯಾ ಅಂತಲೂ ನೋಡಿ. ಪ್ರೊಸೆಸರ್ ಕಾದರೆ ಮೊದಲು ಫ್ಯಾನ್ ಜೋರಾಗುತ್ತದೆ, ಕೆಲಸ ನಿಧಾನವಾಗುತ್ತದೆ. ಸುಮ್ನೆ ಇದ್ದಾಗಲೂ ಆಗುತ್ತಿದೆ ಅಂದರೆ ಅದಲ್ಲ ಅನಿಸುತ್ತದೆ.

ರಾಜಾಜಿನಗರ_ಮಹಡಿಮನೆ

ನೋಡಿದೆ, ಎಲ್ಲದರಲ್ಲೂ 0. ಬಿಸಿ 60 ಡಿಗ್ರಿ ದಾಟಿಲ್ಲ. ಟಿಕ್ ತೆಗೆದ ಮೇಲೂ ನೀಲಿ ಸ್ಕ್ರೀನ್ ಬರದೆ ರೀಸ್ಟಾರ್ಟ್ ಆಯಿತು. ಸಮಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಾಗ ಮನೆಯವರು ಕಂಡುಹಿಡಿದರು: ಜಾಸ್ತಿ ಪಾಲು ಬೆಳಿಗ್ಗೆ ಓನರ್ ಕೆಳಗೆ ಸಂಪ್ ಮೋಟಾರ್ ಹಾಕುವ ಹೊತ್ತು. ಆಗ ಯುಪಿಎಸ್ 'ಟಕ್' ಅನ್ನುತ್ತದೆ.

ಸೋಲ್ಡರ್_ಜಯನಗರ

ಹಾಗಾದರೆ ಯುಪಿಎಸ್ ಬ್ಯಾಟರಿಯನ್ನೇ ಮೊದಲು ಅನುಮಾನಿಸಿ. ಮೋಟಾರ್ ಶುರುವಾಗುವ ಕ್ಷಣ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. 230 ವೋಲ್ಟ್ ಇರಬೇಕಾದ ಲೈನ್ ಒಮ್ಮೆ ಕುಸಿಯುತ್ತದೆ. ಯುಪಿಎಸ್ ಒಳಗಿನ ರಿಲೇ (ತಾನಾಗಿ ಬದಲಾಗುವ ಸ್ವಿಚ್) 'ಟಕ್' ಅಂತ ಬ್ಯಾಟರಿಗೆ ಬದಲಾಗುತ್ತದೆ. ಅದಕ್ಕೆ ಕೆಲವೇ ಮಿಲಿಸೆಕೆಂಡ್ ಸಾಕು, ಅಷ್ಟು ಹೊತ್ತು ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಕೂಡಿಟ್ಟುಕೊಳ್ಳುವ ತನ್ನ ಕೆಪಾಸಿಟರ್ ಬಲದಲ್ಲೇ ತಡೆದುಕೊಳ್ಳುತ್ತದೆ. ಆದರೆ ಆ ಕಡೆ ಬ್ಯಾಟರಿ ಸತ್ತಿದ್ದರೆ ಏನು ಮಾಡೀತು? ಸತ್ತ ಬ್ಯಾಟರಿಯ ಯುಪಿಎಸ್ ಮೇಲೆ ಹಸಿರು ದೀಪ ಆರಾಮಾಗಿ ಉರಿಯುತ್ತಿರಬಹುದು, ಅದನ್ನು ನಂಬಬೇಡಿ.

ಕಂಪ್ಯೂಟರ್ ತೆಗೆದು, ಯುಪಿಎಸ್‌ಗೆ ಹಳೆ ಕಾಲದ 100 ವ್ಯಾಟ್ ಬಲ್ಬ್ ಹಾಕಿ ಗೋಡೆಯ ಸ್ವಿಚ್ ಆರಿಸಿ. ತಕ್ಷಣ ಬಲ್ಬ್ ಆರಿದರೆ ಉತ್ತರ ಸಿಕ್ಕಿತು. ಆಮೇಲೆ ಕಂಪ್ಯೂಟರನ್ನು ನೇರವಾಗಿ ಗೋಡೆಗೆ ಹಾಕಿ ಕೆಲವು ದಿನ ನೋಡಿ, ಕೆಲಸ ಆಗಾಗ ಸೇವ್ ಮಾಡುತ್ತಿರಿ. ಆಗಲೂ ರೀಸ್ಟಾರ್ಟ್ ಆದರೆ ಸ್ನೇಹಿತರ ಎಸ್‌ಎಂಪಿಎಸ್ ತಂದು ಹಾಕಿ ನೋಡಿ. ಎಸ್‌ಎಂಪಿಎಸ್ ಕೊಡುವ 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೆ ಇರಬೇಕು, ಆದರೆ ಕ್ಷಣದ ಕುಸಿತ ಮಲ್ಟಿಮೀಟರ್‌ಗೆ ಸಿಗುವುದಿಲ್ಲ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ, ವೈರ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಹೊಡೆಯುತ್ತದೆ.

ವೈರಿಂಗ್_ಮಲ್ಲೇಶ್ವರ

ಮೇಲಿನವರು ಹೇಳಿದ್ದು ಸರಿ. ಜೊತೆಗೆ ಮೋಟಾರ್ ಹಾಕಿದಾಗ ಮನೆಯ ಕೆಲವು ದೀಪ ಮಂಕಾಗಿ ಕೆಲವು ಜಾಸ್ತಿ ಪ್ರಕಾಶ ಆಗುತ್ತವಾ ನೋಡಿ ಸರ್. ಹಾಗೆ ಆಗುತ್ತಿದ್ದರೆ ನ್ಯೂಟ್ರಲ್ ವೈರ್ ಸಡಿಲ ಇರಬಹುದು, ಅದು ಕಂಪ್ಯೂಟರ್ ಮಾತಲ್ಲ, ಟಿವಿ ಫ್ರಿಜ್ ಎಲ್ಲ ಸುಡುತ್ತದೆ. ನೀವೇ ಮುಟ್ಟದೆ ಎಲೆಕ್ಟ್ರಿಷಿಯನ್ ಕರೆಸಿ. ತೊಂದರೆ ಮೀಟರಿನ ಆಚೆ ಇದ್ದರೆ ಕರೆಂಟ್ ಕಂಪನಿ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಹಳೆ ಮನೆ ಆದರೆ ಅರ್ಥಿಂಗ್ ಕೂಡ ನೋಡಿಸಿಬಿಡಿ.

ರಾಜಾಜಿನಗರ_ಮಹಡಿಮನೆ

ಸ್ವಿಚ್ ಆರಿಸಿದ ಕೂಡಲೇ ಬಲ್ಬ್ ಆರಿತು, ಯುಪಿಎಸ್ ಕುಯ್ ಅಂತು ಅಷ್ಟೇ. ನೇರ ಗೋಡೆಗೆ ಹಾಕಿದ ಮೇಲೆ ಮೋಟಾರ್ ಓಡಿದರೂ ಕಂಪ್ಯೂಟರ್ ಅಲ್ಲಾಡಿಲ್ಲ. ದೀಪಗಳೂ ಸರಿ ಇವೆ. ತುಂಬಾ ಥ್ಯಾಂಕ್ಸ್, ಮನಸ್ಸು ಹಗುರವಾಯಿತು. ಹೊಸ ಯುಪಿಎಸ್ ತಗೊಳ್ಳಲಾ, ಬ್ಯಾಟರಿ ಸಾಕಾ?

ಸೋಲ್ಡರ್_ಜಯನಗರ

ಬ್ಯಾಟರಿ ಸಾಕು. 600 ವಿಎ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಇರುತ್ತದೆ, ಹಳೆಯದರ ಮೇಲೆ ಬರೆದಿರುವುದನ್ನು ನೋಡಿಕೊಂಡು ಅದೇ ಅಳತೆಯದು ತನ್ನಿ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ತಯಾರಾದ ತಿಂಗಳು ನೋಡಿಯೇ ತಗೊಳ್ಳಿ, ಲೆಡ್ ಬ್ಯಾಟರಿ ಅಂಗಡಿಯಲ್ಲಿ ಚಾರ್ಜ್ ಇಲ್ಲದೆ ಕೂತರೂ ಹಾಳಾಗುತ್ತದೆ. ಕೆಂಪು, ಕಪ್ಪು ವೈರ್ ಅದಲು ಬದಲು ಆಗಬಾರದು. ಒಂದು ರಾತ್ರಿ ಚಾರ್ಜ್ ಆಗಲಿ, ಆಮೇಲೆ ಬಲ್ಬ್ ಹಾಕಿ ಮತ್ತೆ ನೋಡಿ. ಹಳೆಯದನ್ನು ಕಸಕ್ಕೆ ಹಾಕಬೇಡಿ, ಒಳಗೆ ಸೀಸ ಮತ್ತು ಆ್ಯಸಿಡ್ ಇದೆ. ಅಂಗಡಿಗೇ ಕೊಡಿ, ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಅಂತ ಕೇಳಿ ನೋಡಿ.