‘ಐ’ ಮತ್ತು ‘ಯು’ ಅದಲುಬದಲು: ಮಗಳಿಗೆ ಹೇಗೆ ಕಲಿಸಲಿ?

ಪ್ರಶ್ನೆ:
ಮಗಳಿಗೆ ಮೂರು ವರ್ಷ. ನೀರು ಬೇಕಾದಾಗ ‘ಯು ವಾಂಟ್ ವಾಟರ್’ ಎನ್ನುತ್ತಾಳೆ. ‘ನೋ, ಐ!’ ಎಂದು ತಿದ್ದಿದರೆ ನನ್ನತ್ತ ಬೆರಳು ತೋರಿಸಿ ‘ಐ’ ಎನ್ನುತ್ತಾಳೆ. ಈ ತಾಯಿಗೆ ದಾರಿ ತೋರಿಸಿ.

ಶಿಶುವಿಹಾರದ ಶಿಕ್ಷಕಿ:
ಮೊದಲು ತಿದ್ದುವುದನ್ನು ನಿಲ್ಲಿಸಿ. ಅವಳ ತರ್ಕದಲ್ಲಿ ದೋಷವಿಲ್ಲ: ಎಲ್ಲರೂ ತನ್ನನ್ನು ‘ಯು’ ಎನ್ನುತ್ತಾರೆ, ಅಂದಮೇಲೆ ಅದು ತನ್ನ ಹೆಸರೇ! ಮಾತಾಡುವವರು ಬದಲಾದಂತೆ ‘ಐ’ ಕೂಡ ಬದಲಾಗುತ್ತದೆ ಎಂಬುದು ನೀವಿಬ್ಬರೇ ಇದ್ದಾಗ ಅವಳಿಗೆ ಕಾಣುವುದಿಲ್ಲ. ಮೂರನೆಯವರನ್ನು ಕೂರಿಸಿಕೊಳ್ಳಿ. ಚೆಂಡು ಉರುಳಿಸುತ್ತ ‘ಐ ರೋಲ್, ಯು ಕ್ಯಾಚ್’ ಎನ್ನಿ. ತಿರುಗಿ ಉರುಳಿಸುವಾಗ ಅವರೂ ಅದನ್ನೇ ಹೇಳಲಿ. ಮಗು ಸುಮ್ಮನೆ ನೋಡಲಿ, ತಾನಾಗಿ ಆಟಕ್ಕೆ ಇಳಿಯುತ್ತಾಳೆ. ಗೋಡೆಯ ಚಾರ್ಟ್‌ಗಳ ಮೇಲೆ ನನಗಂತೂ ನಂಬಿಕೆಯಿಲ್ಲ.

ಇನ್ನೊಬ್ಬ ಪೋಷಕರು:
‘ಮಮ್ಮಿ ವಿಲ್ ಹೆಲ್ಪ್’ ಎನ್ನುವ ಅಭ್ಯಾಸವಿದ್ದರೆ ಬಿಡಿ. ‘ಐ ವಿಲ್ ಹೆಲ್ಪ್’ ಎನ್ನಿ.

ಪ್ರಶ್ನೆ ಕೇಳಿದವರು:
ಕೆಲವೊಮ್ಮೆ ‘ಮಿ ಗೋ’ ಎನ್ನುತ್ತಾಳಲ್ಲ?

ಶಿಕ್ಷಕಿ:
ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಹಾಗೆನ್ನುತ್ತಾರೆ. ‘ಐ ಆಮ್ ಗೋಯಿಂಗ್ ಟೂ’ ಎನ್ನುತ್ತ ಜೊತೆಗೆ ಹೊರಡಿ. ‘ಹೀ’, ‘ಶೀ’ಗಳಿಗೆ ಈಗಲೇ ಅವಸರ ಬೇಡ.