ಗೇಟ್ ಸಿಸಿಟಿವಿಗೆ ಯಾವ ಯುಪಿಎಸ್ ಹಾಕೋಣ?

ಕಾರ್ಯದರ್ಶಿ: ಕರೆಂಟ್ ಹೋದಾಗಲೆಲ್ಲ ಗೇಟಿನ ಎಂಟೂ ಕ್ಯಾಮೆರಾ ಆಫ್ ಆಗ್ತಿವೆ. 2 ಗಂಟೆ ಬ್ಯಾಕಪ್ ಬೇಕು. ಕಂಪ್ಯೂಟರಿಗೆ ಹಾಕೋ 600 ವಿಎ ಯುಪಿಎಸ್ ತರಿಸೋಣವಾ?

ಮನೆ 14: ಬೇಡ ಸರ್. 600 ವಿಎ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್. ಲೋಡ್ ಹೊರೋಕೆ ಅದು ಧಾರಾಳ, ಆದ್ರೆ ಎಷ್ಟು ಹೊತ್ತು ಅನ್ನೋದು ಬ್ಯಾಟರಿ ಮೇಲೆ. ಒಳಗೆ ಹೆಚ್ಚಾಗಿ ಇರೋದು 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನೋ ಅಳತೆ). ಲೆಕ್ಕಕ್ಕೆ 84 ವ್ಯಾಟ್-ಅವರ್, ಕೈಗೆ ಸಿಗೋದು 50ರ ಆಸುಪಾಸು.
ನಮ್ಮ ಲೋಡ್ ಅಂದಾಜು: ಕ್ಯಾಮೆರಾ 8 × 5 = 40, ಹಾರ್ಡ್ ಡಿಸ್ಕ್ ಸೇರಿ ಡಿವಿಆರ್ (ವಿಡಿಯೋ ರೆಕಾರ್ಡ್ ಮಾಡೋ ಪೆಟ್ಟಿಗೆ) 25, ರೂಟರ್ ಮತ್ತು ಫೈಬರ್ ಬಾಕ್ಸ್ 25. ಒಟ್ಟು 90 ವ್ಯಾಟ್. ಅರ್ಧ ಗಂಟೆಗೆ ಬ್ಯಾಟರಿ ಖಾಲಿ.

ಮನೆ 22: ಅದಕ್ಕೇ ಹೊರಗಿಂದ ದೊಡ್ಡ ಬ್ಯಾಟರಿ ಜೋಡಿಸಿದ್ರೆ?

ಮನೆ 14: ದಯವಿಟ್ಟು ಬೇಡ ಮೇಡಂ. ಅದರ ಚಾರ್ಜರ್ 1 ಆಂಪಿಯರ್ ಆಸುಪಾಸಿನದು, ನಮಗೆ ಬೇಕಾಗೋ 42 ಎಎಚ್ ಬ್ಯಾಟರಿ (ಲೆಕ್ಕ ಕೆಳಗಿದೆ) ತುಂಬೋಕೆ ಎರಡು ದಿನ ಹಿಡಿಯುತ್ತೆ. ಅಷ್ಟರಲ್ಲಿ ಮತ್ತೆ ಕರೆಂಟ್ ಹೋಗಿರುತ್ತೆ. ಒಳಗಿನ ಟ್ರಾನ್ಸ್‌ಫಾರ್ಮರ್ ಕೂಡ ಹತ್ತಿಪ್ಪತ್ತು ನಿಮಿಷ ಓಡೋಕಂತ ಮಾಡಿದ್ದು, ಗಂಟೆಗಟ್ಟಲೆ ಓಡಿಸಿದ್ರೆ ಕಾದು ಸುಡಬಹುದು.
ಸರಿಯಾದ ಲೆಕ್ಕ ಹೀಗೆ: 90 × 2 = 180 ವ್ಯಾಟ್-ಅವರ್. ಇನ್ವರ್ಟರಿನ ನಷ್ಟಕ್ಕೆ 0.85ರಿಂದ ಭಾಗಿಸಿದ್ರೆ 212. ಲೆಡ್ ಆಸಿಡ್ ಬ್ಯಾಟರೀನ 60%ಕ್ಕಿಂತ ಹೆಚ್ಚು ಹಿಂಡಬಾರದು, ಹಾಗಾಗಿ 0.6ರಿಂದ ಭಾಗಿಸಿದ್ರೆ 353. 12 ವೋಲ್ಟಿಗೆ ಅದು ಸುಮಾರು 30 ಎಎಚ್. ಬ್ಯಾಟರಿ ಹಳೆಯದಾದ ಮೇಲೂ ತಡೀಬೇಕಲ್ಲ, 42 ಎಎಚ್ ಇರಲಿ. ಅದಕ್ಕೆ 4 ಆಂಪಿಯರ್ ಚಾರ್ಜರ್ ಇರೋ ಲಾಂಗ್ ಬ್ಯಾಕಪ್ ಮಾಡೆಲ್ ಯುಪಿಎಸ್, ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನ ಹಾಗೇ ನಯವಾದ ಕರೆಂಟ್ ಕೊಡೋದು).

ಮನೆ 7: ಮನೆಗೆ ಹಾಕೋ ಇನ್ವರ್ಟರ್ ಆಗಲ್ವಾ?

ಮನೆ 14: ಆಗುತ್ತೆ, ಹಿಂದಿನ ಸ್ವಿಚ್ 'ಯುಪಿಎಸ್' ಮೋಡಲ್ಲೇ ಇರಬೇಕು. ಇನ್ನೊಂದು ಮೋಡಲ್ಲಿ ಲೈನಿಂದ ಬ್ಯಾಟರಿಗೆ ಬದಲಾಗೋದು ನಿಧಾನ, ಡಿವಿಆರ್ ರೀಸ್ಟಾರ್ಟ್ ಆಗಿಬಿಡಬಹುದು. ಪದೇ ಪದೇ ಹಾಗಾದ್ರೆ ರೆಕಾರ್ಡಿಂಗ್ ಫೈಲ್ ಕೆಡುತ್ತೆ.

ಮನೆ 31: ಒಂದು ಮಾತು ಸೇರಿಸ್ತೀನಿ. ಡಿವಿಆರ್ ಒಂದನ್ನೇ ಯುಪಿಎಸ್‌ಗೆ ಹಾಕಿ, ಕ್ಯಾಮೆರಾಗಳ 12 ವೋಲ್ಟ್ ಎಸ್‌ಎಂಪಿಎಸ್ ಡಬ್ಬೀನ (ಕ್ಯಾಮೆರಾಗೆ ಕರೆಂಟ್ ಕೊಡೋ ಅಡಾಪ್ಟರ್) ಗೋಡೆ ಪ್ಲಗ್ಗಲ್ಲೇ ಬಿಡೋದು ತುಂಬಾ ಕಡೆ ಆಗುತ್ತೆ. ಆಗ ರೆಕಾರ್ಡ್ ಆಗೋದು ಬರೀ ಕಪ್ಪು ಪರದೆ. ಗೇಟ್ ಮೋಟಾರ್ ಮಾತ್ರ ಇದಕ್ಕೆ ಸೇರಿಸಬೇಡಿ, ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆದು ಯುಪಿಎಸ್ ಟ್ರಿಪ್ ಆಗುತ್ತೆ. ಬ್ಯಾಟರೀನ ವಾಚ್‌ಮನ್ ಶೆಡ್ಡಿನ ತಗಡಿನ ಕೆಳಗೂ ಇಡಬೇಡಿ. 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತೆ.

ಕಾರ್ಯದರ್ಶಿ: ಸರಿ, ಮೀಟರ್ ರೂಮಲ್ಲಿ ಇಡೋಣ. 600 ವಿಎ ಆರ್ಡರ್ ನಿಲ್ಲಿಸ್ತೀನಿ.

ಮನೆ 14: ಆರ್ಡರಿಗೆ ಮುಂಚೆ ಲೋಡ್ ಅಳೆಯೋಣ. ಶನಿವಾರ ರಾತ್ರಿ 8ಕ್ಕೆ, ಕ್ಯಾಮೆರಾಗಳ ಐಆರ್ ದೀಪ (ಕತ್ತಲಲ್ಲಿ ನೋಡೋಕಿರೋ ಇನ್ಫ್ರಾರೆಡ್) ಹತ್ತಿರುವಾಗ ವ್ಯಾಟ್ ಮೀಟರ್ ತರ್ತೀನಿ. ಡಿವಿಆರ್ ಪೆಟ್ಟಿಗೆ ಕೀಲಿ ವಾಚ್‌ಮನ್ ಹತ್ರ ಕೊಟ್ಟಿರಿ.