ಪೋಕರ್‌ನಲ್ಲಿ ಗೊತ್ತಿದ್ದೂ ಆಗುವ ತಪ್ಪುಗಳನ್ನು ತಡೆಯುವುದು ಹೇಗೆ?

ಪ್ರಶ್ನೆ:
ಟೆಕ್ಸಸ್ ಹೋಲ್ಡೆಮ್ (ಕೈಯಲ್ಲಿ ಎರಡು, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್), ಕ್ಯಾಶ್ ಗೇಮ್ (ನೇರ ದುಡ್ಡಿನ ಆಟ). ಯಾವ ಸೀಟಿನಿಂದ ಯಾವ ಎಲೆ ಆಡಬೇಕು, ಪಾಟ್ ಆಡ್ಸ್ (ಕೊಡಬೇಕಾದ ಹಣಕ್ಕೂ ಪಾಟ್‌ಗೂ, ಅಂದರೆ ಮಧ್ಯೆ ಸೇರಿದ ಹಣಕ್ಕೂ, ಇರುವ ಅನುಪಾತ) ಲೆಕ್ಕ ಹೇಗೆ ಎಲ್ಲ ಗೊತ್ತು. ಆದರೂ ಎರಡು ಗಂಟೆ ಕಳೆದರೆ ಯೋಚಿಸದೆ ಕಾಲ್ ಮಾಡಿ (ಎದುರಾಳಿ ಹಾಕಿದಷ್ಟೇ ಹಾಕಿ) ಬಿಡುತ್ತೇನೆ, ಬೋರ್ಡಿನಲ್ಲಿ (ಮೇಜಿನ ಮೇಲೆ ತೆರೆದಿಟ್ಟ ಎಲೆಗಳಲ್ಲಿ) ಒಂದೇ ಜಾತಿಯ ನಾಲ್ಕು ಎಲೆ ಬಿದ್ದದ್ದೂ ಗಮನಕ್ಕೆ ಬರುವುದಿಲ್ಲ. ಮೇಜಿನ ಮುಂದೆ ಕೂತಾಗ ಏನು ಮಾಡಬೇಕು?

ಉತ್ತರ 1:
ಚಿಪ್ ಮುಟ್ಟುವ ಮೊದಲು ನೋಡುವ ಕ್ರಮ ಪ್ರತಿ ಸಲವೂ ಒಂದೇ ಇರಲಿ. ಮೊದಲು ಬೋರ್ಡ್, ಆಮೇಲೆ ಪಾಟ್, ಆಮೇಲೆ ಎದುರಾಳಿಯ ಬಳಿ ಉಳಿದ ಚಿಪ್, ಕೊನೆಗೆ ನಿಮ್ಮ ಎಲೆ. ಹೆಚ್ಚಿನವರು ತಮ್ಮ ಎಲೆಯಿಂದಲೇ ಶುರು ಮಾಡುತ್ತಾರೆ; ಕೈಯಲ್ಲಿ ಎರಡು ಎಕ್ಕ ಇದ್ದರಂತೂ ಬೋರ್ಡಿನ ಕಡೆ ಕಣ್ಣೇ ಹೋಗುವುದಿಲ್ಲ.

ಟರ್ನ್‌ನಲ್ಲಿ (ಬೋರ್ಡಿನ ನಾಲ್ಕನೇ ಎಲೆ ಬಿದ್ದಾಗ) ಪಾಟ್ 600, ಎದುರಾಳಿ 300 ಹಾಕಿದ, ನಿಮಗೆ ಆಟೀನ್ ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಇನ್ನೊಂದೆಲೆ ಬೇಕು ಅಂದುಕೊಳ್ಳಿ. 300 ಕೊಟ್ಟರೆ ಪಾಟ್ 1200, ಹಾಗಾಗಿ ನೂರಕ್ಕೆ 25 ಸಲ ಗೆಲ್ಲಬೇಕು. ಕಾಣದ 46 ಎಲೆಗಳಲ್ಲಿ ಆಟೀನ್ 9 ಮಾತ್ರ, ನೂರಕ್ಕೆ ಇಪ್ಪತ್ತೂ ಇಲ್ಲ. ಹಾಗಾಗಿ ಕಾಲ್ ನಷ್ಟವಾಗಬಾರದು ಅಂದರೆ ಫ್ಲಶ್ ಬಂದಾಗ ರಿವರ್‌ನಲ್ಲಿ (ಐದನೇ, ಕೊನೆಯ ಎಲೆ ಬಿದ್ದ ಮೇಲೆ) ಅವನಿಂದ ಸರಾಸರಿ ಇನ್ನೂ 334 ಆದರೂ ಬರಬೇಕು. ಅವನ ಬಳಿ 200 ಮಾತ್ರ ಉಳಿದಿದ್ದರೆ ಫೋಲ್ಡ್ (ಎಲೆ ಬಿಟ್ಟುಬಿಡಿ). ದಣಿದವರು ಇಲ್ಲೇ ಎಡವುತ್ತಾರೆ: ಫ್ಲಾಪ್‌ನಿಂದ (ಬೋರ್ಡಿನ ಮೊದಲ ಮೂರು ಎಲೆ ಬಿದ್ದಾಗ) ಉಳಿದ ಎರಡೂ ಎಲೆ ನೋಡಲು ಸಿಗುವ ನೂರಕ್ಕೆ 35ರ ಲೆಕ್ಕವನ್ನೇ ಟರ್ನ್‌ನಲ್ಲೂ ಹಿಡಿದು ಕೂತಿರುತ್ತಾರೆ.

ಉತ್ತರ 2:
ಕ್ರಮ ಸರಿ, ಆದರೆ ತಲೆ ಕೆಟ್ಟಾಗ ಅದೂ ನೆನಪಿಗೆ ಬರುವುದಿಲ್ಲ. ಎಷ್ಟು ಬೈ-ಇನ್ (ಮೇಜಿಗೆ ಕೂರಲು ಕೊಡುವ ಮೊತ್ತ) ಹೋದರೆ, ಎಷ್ಟು ಹೊತ್ತಿಗೆ ಏಳಬೇಕು ಅನ್ನುವುದನ್ನು ಕೂರುವ ಮುಂಚೆಯೇ ಚೀಟಿಯಲ್ಲಿ ಬರೆದಿಡಿ; ಎರಡು ಬೈ-ಇನ್ ಒಳ್ಳೆಯ ಮಿತಿ. ಸೋಲುತ್ತಿರುವಾಗ ಆ ಮಿತಿಯನ್ನು ಹಿಗ್ಗಿಸಲೇ ಬೇಡಿ. ಟಿಲ್ಟ್ (ಸಿಟ್ಟು, ಬೇಸರದಲ್ಲಿ ಹದ ತಪ್ಪಿ ಆಡುವುದು) ಅಂದರೆ ಕೂಗಾಟ ಮಾತ್ರ ಅಲ್ಲ. ಒಂಬತ್ತು ಜನರ ಮೇಜಿನಲ್ಲಿ ಮೊದಲು ಆಡಬೇಕಾದ ಸೀಟಿನಿಂದ ಬೇರೆ ಬೇರೆ ಜಾತಿಯ ರಾಜ-ಗುಲಾಮ ಇಟ್ಟುಕೊಂಡು ರೇಸ್ ಮಾಡತೊಡಗಿದರೆ (ಪಣ ಏರಿಸತೊಡಗಿದರೆ) ಶಿಸ್ತು ಸಡಿಲವಾಗಿದೆ ಅಂತಲೇ ಅರ್ಥ. ಎದ್ದು ಹತ್ತು ನಿಮಿಷ ಓಡಾಡಿ. ಆನ್‌ಲೈನ್ ಆದರೆ ನಾಲ್ಕು ಮೇಜು ಇದ್ದದ್ದನ್ನು ಎರಡಕ್ಕೆ ಇಳಿಸಿ.

ಉತ್ತರ 3:
ಕೈತಪ್ಪುಗಳನ್ನು ಯಾರೂ ಹೇಳಲಿಲ್ಲ. ಸಾಮಾನ್ಯ ನಿಯಮದಂತೆ, ಬೆಟ್‌ಗೆ ಎದುರಾಗಿ ಏನೂ ಹೇಳದೆ ದೊಡ್ಡ ಚಿಪ್ ಒಂದನ್ನೇ ಇಟ್ಟರೆ ಅದು ಕಾಲ್, ರೇಸ್ ಅಲ್ಲ. ಮೊದಲು ಬಾಯಲ್ಲಿ ಮೊತ್ತ ಹೇಳಿ, ಆಮೇಲೆ ಚಿಪ್ ಸರಿಸಿ. ನಿಮ್ಮ ಎಲೆಗಳ ಮೇಲೆ ಒಂದು ಚಿಪ್ ಇಟ್ಟಿರಿ, ಇಲ್ಲದಿದ್ದರೆ ಡೀಲರ್ ಗುಡಿಸಿಕೊಂಡು ಹೋಗಬಹುದು. ಕೊನೆಯಲ್ಲಿ ಸೋತೆನೆಂದು ಅನಿಸಿದರೂ ಎರಡೂ ಎಲೆ ತೆರೆದಿಡಿ: ನೀವು ಗಮನಿಸದ ಸ್ಟ್ರೇಟ್ (ಕ್ರಮವಾಗಿ ಬರುವ ಐದು ಎಲೆ) ಡೀಲರ್ ಕಣ್ಣಿಗೆ ಬೀಳುತ್ತದೆ, ಮುಚ್ಚಿ ಎಸೆದ ಎಲೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.